ಊದು ಎಂದರು

ಊದು ಎಂದರು, ಊದಿದಳು.
ಯಂತ್ರ ಸೊನ್ನೆ ತೋರಿಸಿತು.
ಇನ್ನೊಮ್ಮೆ ಎಂದರು. ಮತ್ತೆ ಸೊನ್ನೆ.
ಡಿಪೋದ ಮೇಲ್ವಿಚಾರಕ ಯಂತ್ರವನ್ನೇ ತಟ್ಟಿ ನೋಡಿದ,
ಬ್ಯಾಟರಿ ಬದಲಿಸಿದ.

ಪಿಲ್ಜೆನ್ ಬಿಯರಿನ ಊರು. ನಾನೇ ಮೂವತ್ತು ವರ್ಷ
ಪೀಪಾಯಿ ಉರುಳಿಸಿದವನು.
ತೂರಾಡುವ ಕಾಲಿಗೆ ಇಲ್ಲಿ ಒಂದೇ ಅರ್ಥ.
ಬ್ಲಾಝೆನಾ ಮಾತ್ರ ನಮ್ಮ ಮದುವೆಯ ದಿನವೂ
ನಿಂಬೆ ನೀರು ಕುಡಿದವಳು.

ಹತ್ತೊಂಬತ್ತು ವರ್ಷ ನಾಲ್ಕನೇ ನಂಬರಿನ ಟ್ರಾಮ್,
ಬೋರಿಯಿಂದ ಕೊಶುಟ್ಕಾದವರೆಗೆ.
ಅವಳು ಬ್ರೇಕು ಹಿಡಿದರೆ ನಿಂತ ಮುದುಕಿಯ
ಚೀಲದ ಮೊಟ್ಟೆ ಕೂಡ ಅಲುಗುತ್ತಿರಲಿಲ್ಲ.
ಅದೇ ಕೈ ಈಗ ಚಮಚವನ್ನು
ಬಾಯಿಗೆಂದು ಎತ್ತಿ ಕಿವಿಯ ಬಳಿ ಒಯ್ಯುತ್ತದೆ.
ಒದ್ದೆ ಹಳಿಯ ಮೇಲಿನ ಗಾಲಿ, ಅವಳ ಮಾತು.
ಎರಡನೇ ಮಹಡಿಯ ಕುಬಾಟೊವಾ
ಮೆಟ್ಟಿಲಲ್ಲಿ ಪಕ್ಕಕ್ಕೆ ಸರಿದು ಮೂಗು ಮುಚ್ಚಿಕೊಂಡಳು,
ಇಲ್ಲದ ವಾಸನೆಗೆ.

ಡಾಕ್ಟರ್ ಸ್ಕ್ಲೆನಾರೊವಾ ರಕ್ತ ತೆಗೆದರು, ಬೆನ್ನಿನ ನೀರು ತೆಗೆದರು.
ಇಲಿಯ ಕಿರುಮಿದುಳಿನ ತೆಳು ಹೋಳೊಂದರ ಮೇಲೆ
ನನ್ನ ಹೆಂಡತಿಯ ರಕ್ತದ ತಿಳಿ ಹನಿಸಿದರಂತೆ.
ಕತ್ತಲ ಕೋಣೆಯಲ್ಲಿ ಸಾಲಾಗಿ ಹಸಿರು ದೀಪ ಹತ್ತಿದವಂತೆ.
ಚಂದವಾಗಿತ್ತು, ಎಂದು ಬಾಯಿತಪ್ಪಿ ಹೇಳಿ
ಕ್ಷಮಿಸಿ ಎಂದರು.

ಎಡ ಮೊಲೆಯಲ್ಲಿ ಬಟಾಣಿಗಿಂತ ಚಿಕ್ಕ ಗಂಟು.
ಮಿದುಳಿನೊಳಗೆ ಮಾತ್ರ ಇರಬೇಕಾದ ಒಂದು ಪ್ರೋಟೀನು
ಅದರಲ್ಲೂ ಇತ್ತು. ದೇಹ ಅದನ್ನು ಕಂಡಿತು, ಹೊಡೆಯಿತು,
ಗಂಟು ಅಷ್ಟು ಚಿಕ್ಕದಾಗಿ ಉಳಿದದ್ದೇ ಅದರಿಂದ.
ಸೈನ್ಯ, ಶತ್ರು, ಎಂದು ಡಾಕ್ಟರು ಶುರುಮಾಡಿದಾಗ
ಬ್ಲಾಝೆನಾ ಕೈಯೆತ್ತಿ ತಡೆದಳು.
ಕೈ ಗಾಳಿಯಲ್ಲಿ ಜಾಗ ಹುಡುಕಿತು.
ಅಕ್ಷರಕ್ಕೆ ಅಕ್ಷರ ಕೂಡಿಸಿ ಹೇಳಿದಳು:

“ಸೈನ್ಯ ಅಲ್ಲ. ಟಿಕೆಟ್ ಚೆಕ್ಕರುಗಳು.
ಡಿಪೋ ಒಳಗಿನವರ ಪಾಸು ಅವರು ನೋಡಿಯೇ ಇರಲಿಲ್ಲ.
ಅದರ ನಕಲು ಹಿಡಿದು ಒಬ್ಬ ಕಳ್ಳ ಗಾಡಿ ಹತ್ತಿದ.
ಹಿಡಿದರು. ಸರಿಯಾಗೇ ಹಿಡಿದರು.
ಆಮೇಲೆ ಅಂಥದೇ ಪಾಸು ಹುಡುಕುತ್ತ
ಡಿಪೋಗೇ ನುಗ್ಗಿದರು,
ಡ್ರೈವರುಗಳನ್ನು ಕೊರಳಪಟ್ಟಿ ಹಿಡಿದು ಇಳಿಸಿದರು.”

ಡಾಕ್ಟರು ಪೆನ್ನು ಕೆಳಗಿಟ್ಟರು.

ಗಂಟು ತೆಗೆದಾಯಿತು. ಐದು ದಿನ ರಕ್ತ ಸೋಸಿದರು.
ಕ್ಯಾನ್ಸರ್ ಕಾಣುತ್ತಿಲ್ಲ ಎಂಬ ಕಾಗದ ಬಂದ ದಿನ
ನರ್ಸು ಗಸಗಸೆಯ ಕೇಕು ತಂದಳು.
ತಿನ್ನಿಸಿದವನು ನಾನು.
ಇಳಿಸಿದ ಡ್ರೈವರುಗಳು ವಾಪಸು ಬರುವುದಿಲ್ಲವಂತೆ.
ಸಿಟ್ಟು ಯಾರ ಮೇಲೆ ಮಾಡಲಿ,
ಅವಳನ್ನು ಉಳಿಸಿದವರೂ ಅವರೇ.

ರಾತ್ರಿ ಅವಳ ಮಣಿಕಟ್ಟು ಹಿಡಿದು ಕೂರುತ್ತೇನೆ.
ಒಳಗೆ ಓಡಾಡುವವರಿಗೆ ಕೇಳಲಿ ಎಂದು ಮೆಲ್ಲಗೆ:
ಪಾಳಿ ಮುಗಿಯಿತು, ಮನೆಗೆ ಹೋಗಿ.

ಭಾನುವಾರ ನಾಲ್ಕನೇ ನಂಬರಿನಲ್ಲಿ ಸುಮ್ಮನೆ ಸುತ್ತುತ್ತೇವೆ,
ಡ್ರೈವರನ ಬೆನ್ನ ಹಿಂದಿನ ಸೀಟು.
ನಿಲ್ದಾಣ ಇನ್ನೂ ಇಪ್ಪತ್ತು ಮೀಟರ್ ಇರುವಾಗ
“ಈಗ” ಎನ್ನುತ್ತಾಳೆ.
ಹೊಸ ಹುಡುಗ, ತಡವಾಗಿ ಹಿಡಿಯುತ್ತಾನೆ.
ಯಾರದೋ ಚೀಲ ಉರುಳುತ್ತದೆ.