ಏರಿಯ ಆ ಬದಿ

ಅಪ್ಪ ಹಲ್ಲಿನ ಡಾಕ್ಟರು.
ಜಾರ್ಜಿಯಾದ ಕೆಂಪು ಮಣ್ಣಿನ ಹಳ್ಳವೊಂದಕ್ಕೆ
ಐವತ್ತೊಂಬತ್ತರಲ್ಲಿ ಅಡ್ಡ ಏರಿ ಹಾಕಿಸಿದ,
ಹೆಣ್ಣುಮಕ್ಕಳಿಬ್ಬರು ಈಜು ಕಲಿಯಲೆಂದು.
ಬುಲ್‌ಡೋಜರಿನವನ ಕೂಲಿ ಅರ್ಧ ನಗದು,
ಇನ್ನರ್ಧ ಅವನ ಹೆಂಡತಿಗೆ ಎರಡು ಸಾಲು ಕಟ್ಟುಹಲ್ಲು.
ನಕ್ಷೆ ಇರಲಿಲ್ಲ, ಎಂಜಿನಿಯರ್ ಇರಲಿಲ್ಲ.
ಹಳ್ಳವಿತ್ತು, ಹುಮ್ಮಸ್ಸಿತ್ತು.

ಅಪ್ಪ ಹೋದ ಮೇಲೆ ಅಕ್ಕ ನೆಲ್ಡಾಗೆ ಮನೆ.
ವಿಲ್ಲಿನಲ್ಲಿ ನನ್ನದು ಒಂದೇ ಸಾಲು:
“ನೀರು ಇಮೋಜೀನಳಿಗೆ.”
ನೀರು ಯಾರದಾದೀತು?
ನನ್ನದಾದದ್ದು ಅದನ್ನು ತಡೆದ ಮಣ್ಣು,
ಮಣ್ಣಿನ ಮೇಲಿನ ಹುಲ್ಲು ಕೊಯ್ಯುವ ಖರ್ಚು,
ಒಳಗೆ ಬಿಲ ತೋಡುವ ನೀರಿಲಿಗಳ ಸಂಸಾರ,
ತುಕ್ಕು ಹಿಡಿದು ಮೂವತ್ತು ವರ್ಷದಿಂದ ತಿರುಗದ
ತೂಬಿನ ಗಾಲಿ.

ಕಳೆದ ಮಾರ್ಚಿನಲ್ಲಿ ಸರ್ಕಾರದಿಂದ ಒಬ್ಬಳು ಬಂದಳು.
ಡೆಶಾನಾ ಗ್ಯಾಡ್ಸನ್. ಮೊಮ್ಮಗಳ ಪ್ರಾಯ,
ಮೊಣಕಾಲುದ್ದ ಬೂಟು, ಕೈಯಲ್ಲಿ ಕಬ್ಬಿಣದ ಸಲಾಕೆ.
ಅಪ್ಪ ರೋಗಿಯ ಬಾಯಿ ನೋಡುತ್ತಿದ್ದಂತೆಯೇ
ಏರಿಯನ್ನು ನೋಡಿದಳು: ಇಲ್ಲಿ ಚುಚ್ಚಿ, ಅಲ್ಲಿ ತಟ್ಟಿ,
ನಡುನಡುವೆ ಬರೀ ಒಂದು ‘ಹ್ಞೂಂ’.

ಅಪಾಯದ ದರ್ಜೆ: ಹೆಚ್ಚು.
ಅರವತ್ತು ವರ್ಷ ಕಡಿಮೆ ಇದ್ದದ್ದು
ಹೇಗಮ್ಮಾ ಈಗ ಹೆಚ್ಚಾಯಿತು?
ಏರಿ ಬೆಳೆದಿಲ್ಲ, ನೀರು ಬೆಳೆದಿಲ್ಲ.
ಅವಳು ಪೆನ್ನಿನ ತುದಿಯಿಂದ ತಗ್ಗಿಗೆ ತೋರಿಸಿದಳು.
ಕೆಳಗೆ ಜನ ಬಂದಿದ್ದರು, ಅಷ್ಟೆ.

ಅಮ್ಮ ನೆಟ್ಟ ವಿಲ್ಲೋ ಮರ ಹೋಗಬೇಕಂತೆ.
ಬೇರು ಏರಿಯೊಳಗೆ ದಾರಿ ಮಾಡುತ್ತದಂತೆ,
ಮರ ಸತ್ತು ಬೇರು ಕೊಳೆತ ಮೇಲೂ
ದಾರಿ ಮಾತ್ರ ಉಳಿಯುತ್ತದಂತೆ, ನೀರಿಗೆ.
ಬುಡದಲ್ಲಿ ಒಸರು ಇದೆ. ವಾರಕ್ಕೊಮ್ಮೆ
ಬಾಟಲಿ ಹಿಡಿದು ಎಣಿಸಿ, ಎಷ್ಟು ಸೆಕೆಂಡಿಗೆ ತುಂಬಿತು, ಬಣ್ಣವೇನು.
“ತಿಳಿಯಾಗಿದ್ದರೆ ನನಗೆ ಬರೆದು ತಿಳಿಸಿ.
ಕೆಂಪಾಗಿದ್ದರೆ ಬರೆಯುತ್ತ ಕೂರಬೇಡಿ,
ಕೆಳಗಿನವರ ಬಾಗಿಲು ಬಡಿಯಿರಿ.”

ಎಪ್ಪತ್ತು ದಾಟಿದ ನಾನು
ಏರಿಯ ಆ ಬದಿಗೆ ಇಳಿದದ್ದು ಅಂದೇ ಮೊದಲು,
ಉಪ್ಪಿನಕಾಯಿ ಬಾಟಲಿ ತೊಳೆದು ಹಿಡಿದುಕೊಂಡು.

ಅಲ್ಲಿಂದ ನೋಡಿದರೆ ಕೆರೆಯೇ ಇಲ್ಲ.
ದೋಣಿಯಿಲ್ಲ, ಧುಮುಕುವ ಹಲಗೆಯಿಲ್ಲ, ಸಂಜೆಯ ಹೊಳಪಿಲ್ಲ.
ಒಂದು ಹಸಿರು ಗುಡ್ಡ, ಅದರ ಮೇಲೆ ಆಕಾಶ.
ಗುಡ್ಡದ ಕಾಲಬುಡದಲ್ಲಿ ಏಳು ತಗಡಿನ ಮನೆ,
ಹಗ್ಗದ ಮೇಲೆ ಕೋಳಿ ಕಾರ್ಖಾನೆಯ ಬಿಳಿ ಕೋಟುಗಳು
ಒಂದರ ತೋಳು ಇನ್ನೊಂದಕ್ಕೆ ಸುತ್ತಿಕೊಂಡು.
ರಾತ್ರಿ ಪಾಳಿ ಮುಗಿಸಿದವರು ಒಳಗೆ ಮಲಗಿದ್ದರು.

ರಟ್ಟಿನ ಪೆಟ್ಟಿಗೆಯಲ್ಲಿ ಕೂತ ಒಬ್ಬ ಹುಡುಗ
ನನ್ನ ಏರಿಯ ಮೇಲಿಂದ ಜಾರಿ ಬಂದು
ನನ್ನ ಕಾಲಿಗೆ ಡಿಕ್ಕಿ ಹೊಡೆದ. ಹೆಸರು ಎಫ್ರೇನ್.
“ನಿಲ್ಲದೆ ತುದಿಗೆ ಹತ್ತೋಕೆ ಅಮ್ಮ ಬಿಡಲ್ಲ.
ಅಜ್ಜೀ, ಈ ಗುಡ್ಡದ ಆಚೆ ಏನಿದೆ?”

ಕೆರೆ ಅನ್ನಲು ಬಾಯಿ ತೆರೆದೆ.
ಆ ಮಾತು ಬಾಯಿಗೆ ಬರಲಿಲ್ಲ.

ಗಾಲಿ ತಿರುಗಿಸಲು ಇಬ್ಬರು ಆಳು, ಒಂದು ಡಬ್ಬ ಗ್ರೀಸು,
ಕೊನೆಗೆ ಒಂದು ಟ್ರ್ಯಾಕ್ಟರೂ ಬೇಕಾಯಿತು.
ಹತ್ತು ದಿನಕ್ಕೆ ನೀರು ಆರಡಿ ಇಳಿಯಿತು.
ದಡದ ಮನೆಯ ಹಾಲ್‌ಬ್ರೂಕ್ ಫೋನು ಮಾಡಿ ಕೂಗಾಡಿದ,
ಅವನ ದೋಣಿ ಕೆಸರಲ್ಲಿ ಕೂತಿತಂತೆ,
ಮನೆಯ ಬೆಲೆಯೂ ಅದರ ಪಕ್ಕದಲ್ಲೇ.
ಕೆಸರಿನಿಂದ ಎದ್ದವು ನೆಲ್ಡಾಳ ಒಂಟಿ ಚಪ್ಪಲಿ,
ಬಿಯರ್ ಡಬ್ಬಗಳು, ಅಪ್ಪ ಯಾವಾಗಲೋ ಸಿಟ್ಟಲ್ಲಿ ಎಸೆದ
ಪ್ಲಾಸ್ಟರಿನ ದವಡೆ, ಇನ್ನೂ ಹಲ್ಲು ಕಿರಿಯುತ್ತ.

ರಿಪೇರಿಯ ಅಂದಾಜು ಬಂದಿದೆ, ನನ್ನ ಇಡೀ ಉಳಿತಾಯದ ಮೂರರಷ್ಟು.
ಒಡೆಸಿ ಹಾಕು ಅನ್ನುತ್ತಾಳೆ ನೆಲ್ಡಾ, ಅಂದು ಅಳುತ್ತಾಳೆ.
ಕಾಗದ ಮೇಜಿನ ಮೇಲಿದೆ. ಸಹಿ ಮಾಡಿಲ್ಲ.

ಭಾನುವಾರ ಚರ್ಚಿನಿಂದ ಬಂದವಳೇ ಆ ಬದಿಗೆ ಇಳಿಯುತ್ತೇನೆ.
ಬಾಟಲಿ ನಾನು ಹಿಡಿಯುತ್ತೇನೆ, ಎಣಿಸುವುದು ಎಫ್ರೇನ್, ಅವನ ಭಾಷೆಯಲ್ಲಿ.
ನನಗೆ ಹತ್ತರವರೆಗೆ ಮಾತ್ರ ಬರುತ್ತದೆ, ಆಮೇಲೆ ಅವನನ್ನು ನಂಬಬೇಕು.
ಮೊದಲ ವಾರ ನಲವತ್ತೊಂದು. ಈಗ ಅರವತ್ತಾರು.

ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಾನೆ.
ಮೀನಿನ ಮರಿಯಾದರೂ ಇದ್ದೀತೆಂದು ಅವನ ಆಸೆ.
“ಇದರಲ್ಲಿ ಏನೂ ಇಲ್ಲ, ಅಜ್ಜೀ.”

ಸರಿಯಾಗಿ ನೋಡು ಮಗೂ, ಅನ್ನುತ್ತೇನೆ,
ಇನ್ನೊಂದು ಸಲ ನೋಡು.