ಮೂರನೆಯ ವರ

ಜನವರಿ ಇಪ್ಪತ್ತೈದು. ಆಂಗ್ಲ್‌ಸಿ ದ್ವೀಪದ ಒಂದು ಮೂಲೆಯಲ್ಲಿ
ಟಪಾಲು ಹಂಚುವ ಎಲಿನೆಡ್ ಅರ್ಧ ಗಂಟೆ ಮೊದಲೇ ಎದ್ದಿದ್ದಾಳೆ.
ಚೀಲದ ತುಂಬ ಕೆಂಪು ಲಕೋಟೆ.
'ಬೇಕರಿ ಹುಡುಗಿಗೆ' ಎಂದಷ್ಟೇ ಬರೆದದ್ದೂ ಒಂದಿದೆ.
ಯಾರ ಕೈಬರಹವೆಂದು ಅವಳಿಗೆ ಗೊತ್ತು.
ಹೇಳುವುದಿಲ್ಲ.
ಗುಡ್ಡದ ಮೇಲಿನ ಮುದುಕಿ ಬ್ಲೋದ್ವೆನ್
ಪ್ರತಿವರ್ಷ ತನಗೆ ತಾನೇ ಕಾರ್ಡು ಹಾಕಿಕೊಳ್ಳುತ್ತಾಳೆ,
ಬಾಗಿಲಲ್ಲೇ ಒಡೆದು ಗಟ್ಟಿಯಾಗಿ ಓದುತ್ತಾಳೆ:
'ಕಾರಿಯಾದ್', ಅಂದರೆ ನಲ್ಲೆ.

ಫೆಬ್ರವರಿ ಹದಿನಾಲ್ಕು ಲೋಕದ್ದು, ಇದು ನಮ್ಮದು,
ವೇಲ್ಸಿನದು ಅನ್ನುತ್ತಾರೆ ಇಲ್ಲಿಯವರು.
ಅರವತ್ತರ ದಶಕದಲ್ಲಿ ಬ್ಯಾಂಗರಿನ ಯಾವಳೋ ವಿದ್ಯಾರ್ಥಿನಿ
ನಾಲ್ಕು ಬಗೆಯ ಕಾರ್ಡು ಅಚ್ಚು ಹಾಕಿಸಿದಳಂತೆ,
ಮಲಗಿದ್ದ ಪುಣ್ಯವತಿಯನ್ನು ಧೂಳು ಕೊಡವಿ ಎಬ್ಬಿಸಿದಳಂತೆ.
ಈಗ ಹೋಟೆಲಿನಲ್ಲಿ ಇಬ್ಬರಿಗೊಂದು ಕೇಕು;
ಶಾಲೆಯಲ್ಲಿ ಮಕ್ಕಳು ಅಂಟು ಮೆತ್ತಿದ ಕೈಯಲ್ಲೇ
ಕಾಗದದ ಹೃದಯ ಕತ್ತರಿಸುತ್ತಾರೆ,
ಒಂದು ಬದಿ ದಪ್ಪ, ಒಂದು ಬದಿ ಸಣ್ಣ.

ಕಥೆ ಇಷ್ಟು:
ಡ್ವಿನ್‌ವೆನ್, ಅರಸನ ಮಗಳು, ಮೈಲೋನ್‌ನನ್ನು ಮೆಚ್ಚಿದಳು.
ಅಪ್ಪ ಬೇರೆ ಕಡೆ ಮಾತು ಕೊಟ್ಟಿದ್ದ.
ಮೈಲೋನ್ ಸಿಟ್ಟಾದ. (ಸಿಟ್ಟಿನಲ್ಲಿ ಏನು ಮಾಡಿದನೆಂದು
ಕೆಲವರು ಹೇಳುತ್ತಾರೆ, ಕೆಲವರು ಕೆಮ್ಮುತ್ತಾರೆ.)
ಅವಳು ಕಾಡಿಗೆ ಓಡಿ, ಮರೆಸು ಎಂದು ಅತ್ತಳು.
ದೇವದೂತ ಬಂದು ಒಂದು ಗುಟುಕು ಸಿಹಿ ಕುಡಿಸಿದ.
ಕುಡಿದದ್ದು ಅವಳು, ಹೆಪ್ಪುಗಟ್ಟಿದ್ದು ಅವನು:
ನಿಂತಲ್ಲೇ ಮಂಜುಗಡ್ಡೆ, ಗಂಟಿಕ್ಕಿದ ಹುಬ್ಬಿನ ಸಮೇತ.

ಮೂರು ವರ ಕೇಳು, ಅಂದಿತು ಆಕಾಶ.
ಅವನು ಕರಗಲಿ, ಅಂದಳು.
ಒಲಿದವರನ್ನು ದೇವರು ನೋಡಿಕೊಳ್ಳಲಿ, ಅಂದಳು.
ಮೂರನೆಯದಕ್ಕೆ ತಡವರಿಸಲಿಲ್ಲ,
ವರ ಬೇಡಿದಳು:
ವರ ಬೇಡ.

ಆಮೇಲೆ ಈ ತೀರಕ್ಕೆ ಬಂದು, ಗಾಳಿಗೆ ಬೆನ್ನು ಕೊಟ್ಟು
ಸಾಯುವ ತನಕ ಒಬ್ಬಳೇ ಇದ್ದಳು.
ಪ್ರೇಮಿಗಳ ಹಬ್ಬ ನಡೆಯುವುದು ಆ ಹೆಂಗಸಿನ ಹೆಸರಲ್ಲಿ!
ಚಿಕ್ಕಂದಿನಿಂದ ಕೇಳಿದ ಕಥೆ
ಎಲಿನೆಡ್‌ಗೆ ಅರ್ಥವಾದದ್ದು ಐವತ್ತೊಂದರಲ್ಲಿ,
ವಿಚ್ಛೇದನದ ಕಾಗದ
ಅವಳದೇ ಚೀಲದಲ್ಲಿ ಅವಳಿಗೇ ಬಂದ ವರ್ಷ.
ಮನೆಗೆ ಹೋಗಿ, ಬೀಗ ಹಾಕಿದ ತನ್ನ ಬಾಗಿಲ ಮುಂದೆ
ತಾನೇ ಕೊಟ್ಟು, ತಾನೇ ಸಹಿ ಹಾಕಿ ತೆಗೆದುಕೊಂಡಿದ್ದಳು.

ಮಧ್ಯಾಹ್ನ, ನೀರು ಇಳಿದಾಗ,
ಮರಳು ದಾಟಿ ಡ್ವಿನ್‌ವೆನ್ ಬಾವಿಗೆ ನಡೆದಳು. ಪಕ್ಕದಲ್ಲಿ ಹೆವಿನ್,
ದೋಣಿ ರಿಪೇರಿಯವನು, ಹೆಂಡತಿ ತೀರಿ ಆರು ವರ್ಷ,
ಮಾತಿಗಿಂತ ಮೂಗು ಒರೆಸಿಕೊಳ್ಳುವುದೇ ಹೆಚ್ಚು.
ಬಾವಿಯಲ್ಲಿ ಹಿಂದೆ ಹಾವುಮೀನು ಇತ್ತಂತೆ.
ರೊಟ್ಟಿ ಚೂರು ಚೆಲ್ಲಿ, ಮೇಲೆ ಕರವಸ್ತ್ರ ಹಾಸಬೇಕು,
ಮೀನು ಬಂದು ಬಟ್ಟೆ ಕದಲಿಸಿದರೆ
ಗಂಡಸು ನಂಬಿಗಸ್ತ.
ಇಬ್ಬರೂ ಬಗ್ಗಿ ನೋಡಿದರು:
ಗೇಣುದ್ದ ನೀರು, ಖಾಲಿ ಬಿಸ್ಕತ್ತಿನ ಪೊಟ್ಟಣ,
ಎರಡು ನರೆತ ತಲೆ.
"ಮೀನು ರಜೆ ಮೇಲಿದೆ," ಅಂದ ಹೆವಿನ್.

ಆಮೇಲೆ ಕೋಟಿನೊಳಗಿಂದ ತೆಗೆದ,
ಮರದ ಚಮಚ.
ಇಲ್ಲಿಯ ಗಂಡಸರು ನೂರಾರು ವರ್ಷಗಳಿಂದ
ಬಾಯಿಗೆ ಬಾರದ್ದನ್ನು ಹೀಗೆ ಕೆತ್ತಿ ಕೊಡುತ್ತ ಬಂದಿದ್ದಾರೆ:
ಚಕ್ರವಿದ್ದರೆ ನಿನಗಾಗಿ ದುಡಿಯುವೆ, ಬೀಗವಿದ್ದರೆ ಮನೆ ಕಾಯುವೆ,
ಒಂದೇ ಮರದಲ್ಲಿ ಕೊರೆದ ಸರಪಳಿಯಿದ್ದರೆ ಬಿಡಲಾರೆ.
ಎಲಿನೆಡ್ ತಿರುಗಿಸಿ ತಿರುಗಿಸಿ ನೋಡಿದಳು.
ಚಕ್ರವಿಲ್ಲ. ಬೀಗವಿಲ್ಲ.
ಸರಪಳಿ ಎರಡನೆಯ ಕೊಂಡಿಗೇ ತುಂಡು.
"ಚಾಕು ಜಾರಿತು," ಅಂದ. ಕಿವಿ ಕೆಂಪಾಗಿತ್ತು.
ಗಾಳಿಯೂ ಇತ್ತು.

"ಮೂರನೆಯ ವರ ನನ್ನದೂ," ಅಂದಳು.
"ಗೊತ್ತು. ಅದಕ್ಕೇ ಮತ್ತೆ ಕೆತ್ತಲಿಲ್ಲ."
ನೀರು ಏರತೊಡಗಿತ್ತು. ಬಿರಬಿರನೆ ನಡೆದರು,
ಬೂಟಿನೊಳಗೆ ಸಮುದ್ರ ಪಚಪಚ.

ಇಂಥ ಚಮಚವನ್ನು ಗೋಡೆಗೆ ತೂಗುಹಾಕುವುದು ರೂಢಿ,
ಬಾಯಿಗೆ ಇಡುವುದಿಲ್ಲ.
ಆ ರಾತ್ರಿ ಈರುಳ್ಳಿ ಸೊಪ್ಪಿನ ಸೂಪು ಕುದಿಯುತ್ತಿದ್ದಾಗ
ಎಲಿನೆಡ್ ಅದನ್ನೇ ಅದ್ದಿ, ಊದಿ, ರುಚಿ ನೋಡಿದಳು.
ಉಪ್ಪು ಕಡಿಮೆ.
ಹೌದೋ ಅಲ್ಲವೋ ನೋಡು ಎಂದು
ಚಮಚವನ್ನು ಅವನತ್ತ ಚಾಚಿದಳು.