ಬೂದಿ ಇಲ್ಲ ಅಂದಳು ಖೈರೂನ್‌ಬಿ

ಮಂಡಕ್ಕಿ ಭಟ್ಟಿ ಸಾಲಿನ ಕೊನೆ ಮನೆ ನಮ್ಮದು.
ಬೆಳಗ್ಗೆ ಒಣಹಾಕಿದ ಬಿಳಿ ಸೀರೆ
ಸಂಜೆಗೆ ಗುಬ್ಬಿಬಣ್ಣ.
ಹೊಟ್ಟಿನ ಬೂದಿಗೆ ಮಾತ್ರ ಬರವಿಲ್ಲ:
ಪಾತ್ರೆಗೆ, ಹಲ್ಲಿಗೆ, ಮೀನು ಉಜ್ಜಲಿಕ್ಕೆ,
ಮಂಗಳವಾರಕ್ಕೊಂದು ಹಿಡಿ
ನನ್ನ ಕರಿಬೇವಿನ ಗಿಡಕ್ಕೆ.

ಗಾಡಿ ನಡೆಯುವುದೇ ಆ ಗಿಡದ ಮೇಲೆ.
ಕಾದ ಎಣ್ಣೆಯಲ್ಲಿ ಎಂಟೆಲೆ ಚಟಪಟ ಅನ್ನದಿದ್ದರೆ
ಖಾರ ಮಂಡಕ್ಕಿಗೆ ಯಾವ ಗಿರಾಕಿ ನಿಲ್ಲುತ್ತಾನೆ?
ಹುಳ ಕಂಡರೆ ಬೂದಿ ಉದುರಿಸಿದೆ,
ಇಪ್ಪತ್ತು ವರ್ಷ.
ಸಣ್ಣವು ಹಕ್ಕಿ ಹಿಕ್ಕೆಯಂಥವು,
ಬಲಿತರೆ ಹಸಿರು;
ಮುಟ್ಟಿದರೆ ತಲೆಯಿಂದ ಕೆಂಪು ಕೊಂಬೆರಡು ಚಾಚಿ
ಕೊಳೆತ ನಿಂಬೆಯ ನಾತ ಬಿಟ್ಟು
ನನ್ನನ್ನೇ ಹೆದರಿಸಲು ನೋಡುತ್ತಿದ್ದವು,
ಕಿರುಬೆರಳಷ್ಟೂ ಇಲ್ಲದ ಮೈಯಲ್ಲಿ.

ಆ ಆಷಾಢ ಖೈರೂನ್‌ಬಿ ತಟ್ಟೆ ಖಾಲಿ ವಾಪಸು ಕೊಟ್ಟಳು.
"ಬೂದಿ ಇಲ್ಲ."
ಅವಳ ಬೆನ್ನ ಹಿಂದೆ ಆಳೆತ್ತರ ಗುಡ್ಡೆ!
"ಪಾತ್ರೆಗಾದರೆ ಒಯ್ಯಿ. ಗಿಡಕ್ಕಿಲ್ಲ. ಬಾ ಇಲ್ಲಿ."

ಭಟ್ಟಿಯ ಹಿಂದಿನ ಹಿತ್ತಲು.
ತೂತು ಬಾಂಡ್ಲಿಯಲ್ಲಿ ನಿಂಬೆ, ಎಣ್ಣೆ ಡಬ್ಬಿಯಲ್ಲಿ ಚೆಂಡುಹೂ,
ಗೋಡೆ ಬದಿಗೆ ತಂಗಡಿ,
ಎಲ್ಲರೂ ಕಿತ್ತೆಸೆಯುವ ಎಕ್ಕಕ್ಕೆ
ಇವಳು ಚೊಂಬಲ್ಲಿ ನೀರು ಹೊಯ್ದಿದ್ದಾಳೆ.
ದಿನವಿಡೀ ಜರಡಿ ಹಿಡಿಯುವವಳ ಹಿತ್ತಲಲ್ಲಿ
ಎಲೆಗಳೂ ಜರಡಿ.

"ಮಿಲ್ಲಿನ ಕಾಂಪೌಂಡಿನಾಚೆ ಆಗ
ತಂಗಡಿ ಅರಳಿದರೆ
ಹೂ ಯಾವುದು ಚಿಟ್ಟೆ ಯಾವುದು ತಿಳೀತಿರಲಿಲ್ಲ.
ಈಗ ಅಂಗನವಾಡಿ ಗೋಡೆ ಮೇಲೆ ನಾಕಿದಾವೆ,
ಪೇಂಟಿನವು."
ಆಮೇಲೆ ಮೆಲ್ಲಗೆ,
"ಹೂವಿಟ್ಟು ತಾಯಿಗೆ ಶರಬತ್ತು ಕೊಡ್ತೀಯ,
ಕೂಸಿನ ಬಾಯಿಗೆ ಬೂದಿ ಹಾಕ್ತೀಯಲ್ಲೇ."

ಸಿಟ್ಟು ಬಂತು. ಗಾಡಿ ನನ್ನದು, ಅವಳಿಗೇನು?
ಉತ್ತರ ಕೊಡದೆ ಬಂದೆ.
ಬೂದಿ ಬೇರೆ ಭಟ್ಟಿಯಲ್ಲೂ ಸಿಗುತ್ತಿತ್ತು.
ಯಾಕೋ ಕೇಳಲಿಲ್ಲ.

ಹತ್ತು ದಿನಕ್ಕೆ ಗಿಡ ಬರೀ ಕಡ್ಡಿ.
ಪೇಟೆಯ ಸೊಪ್ಪು ತಂದೆ, ಹತ್ತು ರೂಪಾಯಿ,
ಔಷಧಿಯ ವಾಸನೆ; ಮೂರು ಸಲ ತೊಳೆದೆ.

ಒಂದು ಸಂಜೆ ಗ್ಯಾಸ್ ಪೈಪು ಸರಿಮಾಡಲು ಬಗ್ಗಿದರೆ
ಗಾಡಿಯ ಹಲಗೆಯಡಿ,
ಸೊಂಟಕ್ಕೊಂದು ನೂಲು ಬಿಗಿದುಕೊಂಡು
ಒರಗಿ ಮಲಗಿತ್ತು ಒಂದು.
ನೂಲಿನ ಊರಲ್ಲವೇ, ಕಲಿತಿರಬೇಕು.

ಅದನ್ನೂ ತಳ್ಳಿಕೊಂಡೇ ಹೋದೆ ವ್ಯಾಪಾರಕ್ಕೆ,
ರೈಲ್ವೆ ಗೇಟಿನ ಹಳಿ ದಾಟುವಾಗ
ಬಸುರಿಯನ್ನು ಕೂರಿಸಿಕೊಂಡ ಹಾಗೆ ನಿಧಾನ.
ಹಿಂದಿನ ಆಟೋದವ ಬೈದ.
ಬೈಯಲಿ.

ಅದು ಹೊರಬಂದಿದ್ದನ್ನು ನಾನು ನೋಡಲಿಲ್ಲ.
ಹಾಲು ತರಲು ಹೋಗಿದ್ದೆ;
ಬಂದರೆ ಸಿಪ್ಪೆ, ನೂಲು ಹಾಗೇ.

ಮಳೆ ಬಂದು ಗಿಡ ಚಿಗುರಿತು.
ಮಗ್ಗುಲಲ್ಲಿ ಇನ್ನೊಂದು ನೆಟ್ಟೆ:
ಇದು ಗಾಡಿಗೆ, ಅದು ಅವಕ್ಕೆ.
ಅವಕ್ಕೇನು ಗೊತ್ತು ಪಾಲು ಪತ್ರ?
ಎರಡರಲ್ಲೂ ಇಟ್ಟಿವೆ ಮೊಟ್ಟೆ.

ನಿನ್ನೆ ಒಬ್ಬ ಗಿರಾಕಿ
ಕರಿಬೇವು ಎತ್ತಿ ಹಿಡಿದು ಕೇಳಿದ,
"ಏನಮ್ಮ, ಎಲೆಗೆ ತೂತು?"
"ರುಚಿ ನೋಡಿ ಹೋದರಪ್ಪ ಒಬ್ಬರು,
ನಿನಗಿಂತ ಮೊದಲೇ."